ಮುರಿದದ್ದು: ಮೂರು

ಕ್ವಾರಿಯ ಲೆಕ್ಕದ ಪುಸ್ತಕಕ್ಕೆ ನಾಲ್ಕೇ ಕಾಲಮ್ಮು:
ಕೊಯ್ದದ್ದು, ಹೇರಿದ್ದು, ಮುರಿದದ್ದು, ಬಾಕಿ.
ಹನ್ನೊಂದು ವರ್ಷದಿಂದ ತುಂಬುತ್ತಿದ್ದೇನೆ,
ಹಳದೀಪುರದ ಮೇಲಿನ ಈ ಬೋಳು ಅರೆಯ ಮೇಲೆ
ತಗಡಿನ ಮಾಡಿನ ಕೆಳಗೆ ಕೂತು.
ಇಲ್ಲಿಂದ ಸಮುದ್ರ ಒಂದು ಗೆರೆ, ಅಷ್ಟೇ.

ಅವತ್ತು ಏಳೂವರೆ. ಬಿಸಿಲು ಇನ್ನೂ ಮಲಗಿಕೊಂಡೇ
ಚಿರೇಕಲ್ಲಿನ ಮೈ ಸವರುತ್ತಿತ್ತು.
ಗರಗಸ ತಟ್ಟನೆ ನಿಂತಿತು.
ಹುಲಗಪ್ಪ ಕೈಯೆತ್ತಿ ಕೂಗಿದ:
"ಕಾರಕೂನ್ರ, ಬರ್ರಿಲ್ಲೆ. ಒಂದು ಗೂಳಿ ಐತಿ."

ಹೋದೆ. ನೋಡಿದೆ. ಏನೂ ಇಲ್ಲ.
"ಕುಂದರ್ರಿ" ಅಂದ. ಕೂತೆ.
ಆಗ ಕೆಂಪು ಕಲ್ಲಿನೊಳಗಿಂದ ಎದ್ದಿತು
ಹೆಬ್ಬೆರಳಗಲದ ನೆರಳಿನ ಗೆರೆ:
ಹಿಣಿಲು,
ಇಳಿಬಿದ್ದ ಗಂಗೆದೊಗಲು,
ಹಿಂದಕ್ಕೆ ಬಾಗಿದ ಕೊಂಬು,
ಕಣ್ಣಿನ ಜಾಗದಲ್ಲೊಂದು ಬಟ್ಟಲಕುಳಿ,
ಕುಳಿಯಲ್ಲಿ ರಾತ್ರಿಯ ಇಬ್ಬನಿ, ಅದರಲ್ಲಿ ಒಂದು ಇರುವೆ.

ಹಿಂಗಾಲು ಇರಲಿಲ್ಲ.
ಅಲ್ಲಿದ್ದದ್ದು ನಿನ್ನೆ ಸಂಜೆ ನಾವು ಕೊಯ್ದ
ಮೊಳದಾಳದ ನೆಟ್ಟನೆಯ ಮೆಟ್ಟಿಲು.

ಕುಡಿಯುವ ನೀರು ಹೊತ್ತು ಬಂದ ಬೀರಿ ಗೌಡ
ಕೊಡ ಇಳಿಸಿ, ಕೊರಳ ಮಣಿಸರಗಳ ಹೊರೆ ಸರಿಸಿ,
ಬಗ್ಗಿ ನೋಡಿ ನಕ್ಕುಬಿಟ್ಟಳು:
"ಇದ್ನ ಈಗ ಕಂಡ್ರಾ?
ಇದ್ರ ಬೆನ್ನ ಮೇಲೇ ನಮ್ಮವ್ವಿ ಮುರಗಲ ಸಿಪ್ಪೆ ಒಣಗಸ್ತಿತ್ತು."
ಹೆಸರೇನು ಇದಕ್ಕೆ, ಎಂದೆ.
"ಹೆಸರು ಎಂತಕ್ಕೆ ಒಡ್ಯಾ?
ಕರದ್ರೆ ಬರೂ ಗೂಳಿಯಾ ಅದು?"

ಹುಲಗಪ್ಪನ ಊರು ಗಂಗಾವತಿಯ ಆಚೆ.
ಅಲ್ಲಿಯ ಗುಡ್ಡದ ಮೇಲೆ ಮೋರ್ಯರ ಮನೆಗಳಂತೆ,
ಮೂರು ಚಪ್ಪಡಿ ನಿಂತು, ಒಂದು ಮೇಲೆ ಮಲಗಿ.
ಕಟ್ಟಿದವರು ಮೊಳಕಾಲುದ್ದದ ಮಂದಿ, ಅಂತ ಅವನ ಅಜ್ಜಿ.
ಅಷ್ಟು ಸಣ್ಣವರು ಇಷ್ಟು ದೊಡ್ಡ ಕಲ್ಲು ಹೆಂಗ ಎತ್ತಿದ್ರು?
"ಎಲ್ಲಾರೂ ಕೂಡಿ."
ಒಳಗ ಯಾರಿದ್ರು?
"ಸತ್ತವರು. ಇದ್ದವರಿಗೆ ಹುಲ್ಲಿನ ಮಾಡು ಸಾಕಾಗತಿತ್ತು."
ಅವನು ಅಷ್ಟು ಹೇಳಿ ಬೀಡಿ ಹಚ್ಚಿದ.
ಅವನ ಹಿಂದೆ, ಕ್ವಾರಿಯ ಅಂಚಿಗೆ, ಅವನ ಮನೆ:
ನೀಲಿ ತಾಡಪಾಲು, ಎರಡು ಬಿದಿರು.

ಗರಗಸಕ್ಕೆ ಕಲ್ಲೊಂದಕ್ಕೆ ಎರಡು ನಿಮಿಷ ಹಿಡಿಯುತ್ತದೆ.
ಕಲ್ಲಿಗೆ ಕಲ್ಲು ಬಡಿದು ಕೂತ ಅವನಿಗೆ
(ಅವಳೇ ಇರಬಹುದು, ಯಾರು ಕಂಡವರು)
ಹಿಣಿಲೊಂದಕ್ಕೇ ಒಂದು ಬೇಸಿಗೆ ಹಿಡಿದಿರಬೇಕು.
ಗದ್ದದ ಹತ್ತಿರ ಒಂದು ತಪ್ಪು ಗೆರೆ ಇದೆ.
ಜಾರಿದ್ದು, ಅಥವಾ ಯಾರೋ ಊಟಕ್ಕೆ ಕರೆದದ್ದು.
ಅಳಿಸಲಾಗದೆ ಹಾಗೇ ಬಿಟ್ಟು
ಪಕ್ಕದಲ್ಲೇ ಸರಿಯಾದದ್ದನ್ನು ಕೆತ್ತಿದ್ದಾರೆ.
ನನ್ನ ಪುಸ್ತಕದಲ್ಲಾದರೆ
ಅಂಥ ತಿದ್ದುಪಡಿಗೆ ಕೆಂಪು ಶಾಯಿಯ ಸಹಿ ಬೇಕು.
ಆ ತಪ್ಪಿನಲ್ಲಿ ಬೆರಳಿಟ್ಟೆ.
ಗೆಣ್ಣಿನವರೆಗೂ ಹಿಡಿಸಿತು.

ಮಾಲೀಕರು ಫೋನಿನಲ್ಲಿ:
"ಬಿಟ್ಟರೆ ಎಷ್ಟು ಕಲ್ಲು ಹೋದೀತು?"
ಮುನ್ನೂರು, ಎಂದೆ. ಐನೂರಿತ್ತು.
ಆ ಕಡೆ ಯಾವುದೋ ಬಸ್ಸಿನ ಹಾರನ್ನು.
"ಮಳೆಗಾಲದವರೆಗೆ ಅತ್ತ ಹೋಗಬೇಡಿ."

ಒಂಬತ್ತಾಯಿತು, ಬಿಸಿಲು ನೆಟ್ಟಗೆ ನಿಂತಿತು.
ಗೂಳಿ ಕಲ್ಲಿಗೆ ವಾಪಸು ಹೋಯಿತು.

ಮೇಲ್ಪದರದ ಕಲ್ಲು ಒರಟು, ಕಾಂಪೌಂಡಿಗೆ ಮಾತ್ರ ಸಲ್ಲುತ್ತದೆ.
ನಿನ್ನೆಯ ಕೊನೆಯ ಲೋಡು ಕರ್ಕಿಗೆ ಹೋಗಿತ್ತು.
ತಿಂಗಳ ಮೇಲೊಂದು ಭಾನುವಾರ ಹುಡುಕಿಕೊಂಡು ಹೋದೆ.
ಗಿಲಾಯಿ ಮುಗಿದು, ಕೆನೆ ಬಣ್ಣ ಬಳಿದು,
ಮೇಲೆ ಒಂದು ಬೆಕ್ಕು ಕೂತಿತ್ತು.
ಗೋಡೆಯುದ್ದಕ್ಕೂ ಅಂಗೈ ಸವರಿಕೊಂಡು ನಡೆದೆ,
ಜ್ವರ ನೋಡುವವರ ಹಾಗೆ.
"ಯಾರು ಬೇಕಿತ್ತು?" ಮನೆಯವಳು ಕೇಳಿದಳು.
ಎರಡು ಹಿಂಗಾಲು, ಒಂದು ಬಾಲ,
ಹೇಗೆ ಹೇಳುವುದು?
ನೀರು ಕೇಳಿ ಕುಡಿದು ಬಂದೆ.

ಪುಸ್ತಕದಲ್ಲಿ ಆ ದಿನದ ಸಾಲು ತೆಗೆದು
ಹೇರಿದ್ದರಲ್ಲಿ ಮೂರು ಕಳೆದು
ಮುರಿದದ್ದಕ್ಕೆ ಮೂರು ಸೇರಿಸಿದೆ.
ಹಳೆಯ ಅಂಕಿಯನ್ನು ಅಳಿಸಲಿಲ್ಲ,
ಪಕ್ಕದಲ್ಲೇ ಬರೆದೆ.
ಸಹಿಯನ್ನೂ ಹಾಕಲಿಲ್ಲ.