ರನ್ನರ್

ಮುಚ್ಚಿದ ಹತ್ತಿ ಮಿಲ್ಲಿನ ಗೋಡೆಗೆ ಬೆನ್ನು ಕೊಟ್ಟು
ಕೈಮಿಷನ್ನು ಇಟ್ಟುಕೊಂಡು ಕೂತವಳು ನಾನು.
ಬ್ಯಾಗು, ಛತ್ರಿ, ಮಕ್ಕಳ ಪಾಟೀಚೀಲ,
ಈಗೀಗ ಬರೀ ಜಾಕೆಟ್ಟು.

ಏಪ್ರಿಲ್ ಮಧ್ಯಾಹ್ನ.
ದಾವಣಗೆರೆಯ ಡಾಂಬರು ಚಪ್ಪಲಿಯ ಕಾಲು ಹಿಡಿಯುವ ಹೊತ್ತು.
ಬಂದ ಕೊಟ್ರೇಶ. ಗೆಳೆಯರ ಬಾಯಲ್ಲಿ ಅವನು ಕೋಟು,
ಮೈಮೇಲೂ ಅದೇ.
ಕಪ್ಪು ಬಟ್ಟೆ, ಒಳಗೆ ಕೇಸರಿ ಅಸ್ತರು, ಬೆನ್ನಿಗೊಂದು ಟೋಪಿ,
ಎದೆಯ ಮೇಲೆ ಯಾರ ಊರಿನದೋ ಹಿಮದ ಬೆಟ್ಟ.
ಕುತ್ತಿಗೆಯಿಂದ ಇಳಿದ ಬೆವರು
ಆ ಬೆಟ್ಟದ ಬುಡ ಸೇರುತ್ತಿತ್ತು.

ಪಟ್ಟಿಯ ಮೇಲಿನ ಅಕ್ಷರ ಮಗಳು ಓದಿದಳು:
ಸೊನ್ನೆಗಿಂತ ಹತ್ತು ಕೆಳಗಿನ ಚಳಿಗೂ ಜಗ್ಗೋದಿಲ್ಲವಂತೆ.
ನಮ್ಮೂರಲ್ಲಿ ಸೊನ್ನೆ ಇರೋದು
ಚೀಟಿ ಸಾಹುಕಾರನ ಪುಸ್ತಕದಲ್ಲಿ, ನನ್ನ ಹೆಸರಿನ ಮುಂದೆ.

“ಜಿಪ್ಪು ಹಾಕಂಗಿಲ್ಲ ಅಕ್ಕ, ಹಾಕಿದ್ರೆ ಟೀ ಶರ್ಟಿನ ಹುಲಿ ಕಾಣಲ್ಲ.
ತೋಳಿನ ಹೊಲಿಗೆ ಬಿಟ್ಟೈತಿ, ಅಷ್ಟೇ.
ಸಂಜೆ ಆರಕ್ಕೆ ಮಿರ್ಚಿ ಅಂಗಡಿ ಹತ್ರ ಇರ್ಬೇಕು ನಾನು.”
ಬಿಚ್ಚಿಕೊಟ್ಟ ಜೇಬಿನಿಂದ ಉದುರಿದವು
ನಿನ್ನೆಯ ಮಂಡಕ್ಕಿ, ನಾಲ್ಕು ಕಾಳು.

ಅವನ ಹಿಂದೆಯೇ ಓಬಳೇಶ.
ದುರ್ಗದ ಗುಡ್ಡದ ಗಾಳಿಯಂತ್ರ ಹತ್ತಿ ರಿಪೇರಿ ಮಾಡುವವನು.
ಅದೇ ಕಪ್ಪು, ಅದೇ ಕೇಸರಿ, ಅದೇ ಹಿಮದ ಬೆಟ್ಟ,
ಅರ್ಧ ಬೆಟ್ಟವನ್ನು ಗ್ರೀಸು ತಿಂದಿತ್ತು.
ದಿನಾ ಗಂಟಲವರೆಗೆ ಎಳೆದೂ ಎಳೆದೂ
ರನ್ನರ್ ಸವೆದು ಬಾಯಿ ಬಿಟ್ಟಿತ್ತು.
“ಮೇಲೆ ಗಾಳಿ ಮಾತು ಕೇಳಂಗಿಲ್ಲ, ಎದಿಯೊಳಗೇ ಕೈ ಹಾಕ್ತೈತಿ.
ಐದೂವರೆ ಬಸ್ಸು, ರಾತ್ರಿ ಪಾಳಿ ಅಕ್ಕ.”

ಡಬ್ಬಿ ಸುರುವಿ ಹುಡುಕಿದೆ. ಆ ಅಳತೆಯದು ಇಲ್ಲ.
ಸಾಮಾನಿನ ಅಂಗಡಿಗೆ ಭಾನುವಾರದ ಬೀಗ.
ಮಗಳು ನನ್ನ ಮುಖ ನೋಡಿದಳು,
ನಾನು ಮೊಳೆಗೆ ನೇತುಹಾಕಿದ ಕೋಟಿನ ಕೋಟನ್ನು.
ಹೊಳೆಯುತ್ತಿತ್ತು ಅದರ ರನ್ನರ್,
ಒಂದು ದಿನವೂ ಓಡದ ಕುದುರೆ.

ಬಿಚ್ಚಿದೆ. ಇದಕ್ಕೆ ಹಾಕಿದೆ. ಮೇಣದಬತ್ತಿ ತಿಕ್ಕಿದೆ.
ಸರ್ರನೆ ಗಂಟಲಿಗೇರಿತು.
ಸವೆದದ್ದನ್ನು ಉಜ್ಜಿ ಬೆಳಗಿ ಅದಕ್ಕೆ ತೂಗಿಬಿಟ್ಟೆ:
ಬರೀ ನೇತಾಡುವುದಕ್ಕೆ ಹಿಡಿತ ಯಾತಕ್ಕೆ?
ಇಬ್ಬರ ಹತ್ತಿರವೂ ಮೂವತ್ತು ತಗೊಂಡೆ, ಸುಳ್ಳು ಯಾಕೆ ಹೇಳಲಿ.

ಜೂನಿನಲ್ಲಿ ಕೊಟ್ರೇಶ ಸೀನುತ್ತಾ ಬಂದ.
“ಬೈಕಲ್ಲಿ ಜೋಗಿಮಟ್ಟಿಗೆ ಹೋಗಿದ್ವಿ ಅಕ್ಕ,
ಏನ್ ಗಾಳಿ ಅಂತೀಯ! ಎಳೀತೀನಿ, ಎಳೀತೀನಿ, ಏರ್ಲೇ ಇಲ್ಲ.
ಹಿಂದೆ ಕೂತಾಕಿ ಮೊದ್ಲು ನಕ್ಕಳು,
ಆಮೇಲೆ ತನ್ನ ದುಪಟ್ಟಾ ಕೊಟ್ಟಳು.”

ಆ ಸೋಮವಾರವೇ ತಂದಿಟ್ಟಿದ್ದೆ ಹೊಸ ರನ್ನರ್,
ಸೂಜಿಡಬ್ಬಿಯಲ್ಲಿ, ಬೀಡಿ ಕಾಗದದಲ್ಲಿ ಸುತ್ತಿ.
ಹಾಕಿಕೊಟ್ಟೆ. ಕಾಸು ಬೇಡ ಅಂದೆ.
“ಯಾಕಕ್ಕ?” ಅಂದ.
ಬಾ ಇಲ್ಲಿ ಅಂತ ಹತ್ತಿರ ಕರೆದು
ಬುಡದಿಂದ ಗದ್ದದವರೆಗೆ ನಾನೇ ಎಳೆದೆ.
ಹುಲಿ ಮುಚ್ಚಿಹೋಯಿತು.

“ಸೆಕೆ ಆಗ್ತೈತಿ” ಅಂದ.
ಬಿಚ್ಚಲಿಲ್ಲ. ಹಾಗೇ ಹೋದ, ಮಿರ್ಚಿ ಅಂಗಡಿ ಕಡೆ.