ಮುಚ್ಚಳದ ಅಂಚು

ಮೆಟ್ಟಿಲ ಮೇಲೇ ಹಿಡಿಯುತ್ತಾರೆ ನನ್ನನ್ನು.
"ಸಾಬೆಲಾ, ಒಂದೇ ಒಂದು ನಿಮಿಷ."
ಒಂದು ನಿಮಿಷದ ಪ್ರಶ್ನೆಗಳೇ
ವರ್ಷ ತಿನ್ನುವುದೆಂದು
ಯಾವ ಕಾಲೇಜೂ ನನಗೆ ಕಲಿಸಲಿಲ್ಲ.

ಮ್ಯಾಡ್ರಿಡ್‌ನ ದೊಡ್ಡ ಕಚೇರಿಯಲ್ಲಿದ್ದಾಗ
ಕಾಲು ಗಂಟೆಗಿಷ್ಟೆಂದು ನನ್ನ ಮಾತಿಗೆ ದರವಿತ್ತು.
ಹದಿನಾಲ್ಕು ಪುಟ ಬರೆಯುತ್ತಿದ್ದೆ,
ಒಂದು ವೇಳೆ, ಆದಾಗ್ಯೂ, ಮೇಲ್ಕಂಡದ್ದನ್ನು ಹೊರತುಪಡಿಸಿ.
ಕೊನೆಯ ಪುಟದಲ್ಲೂ ನಾನು ಯಾವ ದಡದಲ್ಲಿದ್ದೇನೆಂದು
ಯಾರಿಗೂ ತಿಳಿಯುತ್ತಿರಲಿಲ್ಲ.
ಅದಕ್ಕೇ ಸಂಬಳ.
ಇಲ್ಲಿ ವೀಗೋದಲ್ಲಿ, ಬೂತಾಯಿ ಡಬ್ಬಿಯ ಕಾರ್ಖಾನೆಯಲ್ಲಿ,
ನನ್ನ ಕೋಟಿನ ತೋಳಿಗೂ ಎಣ್ಣೆಯ ವಾಸನೆ.
ದರವಿಲ್ಲದ ಮಾತು ಎಲ್ಲರಿಗೂ ಬೇಕು,
ಕೇಳಿದ ಮೇಲೆ ಬೇಡ.

ಮಾರಾಟದ ಮುಖ್ಯಸ್ಥ ಶುರ್ಶೋ ಲಮೇಲ
ಒಪ್ಪಂದ ತರುವುದು ಸಹಿ ಒಣಗಿದ ಮೇಲೆಯೇ,
ಊಟ ಮುಗಿಸಿ ಉಪ್ಪು ಕೇಳುವವನ ಹಾಗೆ.
'ದಂಡ ತೆರಬಹುದು' ಎಂದಿರಬೇಕಾದಲ್ಲಿ
'ತೆರತಕ್ಕದ್ದು' ಕಾಲು ಚಾಚಿ ಕೂತಿರುತ್ತದೆ.
ಪ್ರತ್ಯಯದಷ್ಟು ಸಣ್ಣ ಬಾಗಿಲು,
ಅದರಲ್ಲೇ ಎರಡು ಲಾರಿ ಹಣ ಆಚೆ ಹೋಗುತ್ತದೆ.

ಆ ಗುರುವಾರ ಅವನು ತಂದದ್ದು ಒಪ್ಪಂದವಲ್ಲ,
ಒಂದು ಡಬ್ಬಿ.
ಲಿಯೋನ್‌ನಿಂದ ವಾಪಸು ಬಂದದ್ದು, ಹೊಟ್ಟೆ ಉಬ್ಬಿತ್ತು.
"ಒಂದೇ ಒಂದು," ಎಂದ. ಸ್ವಲ್ಪ ತಡೆದು, "ಮೂರು."
"ಹೇಳಲೇಬೇಕೆಂದು ಎಲ್ಲಿ ಬರೆದಿದೆ? ಅದನ್ನು ತೋರಿಸು, ಸಾಕು."

ಎಲ್ಲಿ ಬರೆದಿದೆಯೆಂದು ನನಗೆ ಗೊತ್ತಿತ್ತು,
ಕಲಂ, ಉಪಕಲಂ, ಅಡಿಟಿಪ್ಪಣಿ ಸಮೇತ.
ಹೇಳದೆ ಕೆಳಗಿಳಿದೆ,
ತಲೆಗೆ ನೀಲಿ ಬಲೆ ಹಾಕಿಕೊಂಡು,
ಮುಚ್ಚಳ ಬಿಗಿಯುವ ಯಂತ್ರದ ಪಕ್ಕ
ಮಾರೂಶಾ ಪೊರ್ತೇಲಾ ನಿಂತಲ್ಲಿಗೆ.
ಮೂವತ್ತೊಂದು ವರ್ಷದಿಂದ ಅದೇ ಒದ್ದೆ ನೆಲದ ಮೇಲೆ.

ಅವಳು ನನ್ನ ಹೆಬ್ಬೆರಳು ಹಿಡಿದು
ಅಂಚಿನ ಸುತ್ತ ಎಳೆದಳು.
ಸುತ್ತು, ಸುತ್ತು, ಸುತ್ತು. ಇಲ್ಲಿ.
ಉಗುರಿಗೆ ಮಾತ್ರ ಸಿಗುವ ಒಂದು ತಡೆ.
"ಸೋಮವಾರದಿಂದ ಹೇಳುತ್ತಿದ್ದೇನೆ. ಬರೆದು ಕೊಡು ಅಂದರು.
ಬರೆಯಲು ಈ ಕೈ ಯಾವಾಗ ಬಿಡುವಾಗಿತ್ತು?"
ನಾನು ಬರೆದುಕೊಂಡೆ. ದಿನ, ಗಂಟೆ, ಯಂತ್ರದ ಸಂಖ್ಯೆ,
ಅವಳ ಮಾತು ಅವಳ ಮಾತಾಗಿಯೇ.
'ಬಹುಶಃ' ಎಂದು ಅವಳು ಅನ್ನಲಿಲ್ಲ; ನಾನೂ ಸೇರಿಸಲಿಲ್ಲ.

ಮೇಲೆ ಬರುವಾಗ ಯಾರೋ ಕಿವಿಯ ಹತ್ತಿರ ಬಂದು,
ಸೋಮವಾರದ ಇಮೇಲ್ ಅಳಿಸಿಬಿಡೋಣವೇ ಅಂದರು.
ಅಳಿಸಿದ ಸಾಲನ್ನೇ ಕೋರ್ಟು
ಗಟ್ಟಿಯಾಗಿ ಓದುವುದು, ಎಂದೆ.

ಉದ್ದ ಮೇಜು. ಕಿಟಕಿಯಾಚೆ ಅಳಿವೆಯಲ್ಲಿ
ದೋಣಿಗಳು ಏನೂ ಆಗದವರಂತೆ.
ಒಡತಿ ದೋನಾ ಓಬ್ದುಲಿಯಾ ಕನ್ನಡಕ ಒರೆಸುತ್ತಾ
"ಆಗುತ್ತಾ, ಇಲ್ವಾ?" ಅಂದರು.
ಈ ಪ್ರಶ್ನೆಗೆ ಉತ್ತರ ಕೊಡದಿರುವುದನ್ನೇ
ಆರು ವರ್ಷ ಓದಿದ್ದೆ ನಾನು.
ಮೂರು ಸಾಲು ಓದಿದೆ:
ಹನ್ನೊಂದು ಸಾವಿರ ಡಬ್ಬಿ ವಾಪಸು ತರಬೇಕು.
ಇವತ್ತೇ ತಿಳಿಸಬೇಕು, ನಾವೇ.
ಖರ್ಚು ಇಷ್ಟು; ಸುಮ್ಮನಿದ್ದರೆ ಎಷ್ಟೆಂದು ನನಗೆ ಗೊತ್ತಿಲ್ಲ.

'ಗೊತ್ತಿಲ್ಲ' ಎಂಬುದನ್ನು ಅಷ್ಟು ಸ್ಪಷ್ಟವಾಗಿ
ಆ ಕೋಣೆಯಲ್ಲಿ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ.
ಶುರ್ಶೋ ಎದ್ದ. "ನೀನು ಯಾರ ಕಡೆ?"
ಸಂಬಳ ಕೊಡುವವರ ಕಡೆಯೇ, ಅದಕ್ಕೇ ಹೇಳುತ್ತಿದ್ದೇನೆ,
ಅನ್ನಬಹುದಿತ್ತು. ಬಾಯಿ ಒಣಗಿತ್ತು. ನೀರು ಕುಡಿದೆ.
ಓಬ್ದುಲಿಯಾ ಕನ್ನಡಕ ಹಾಕಿಕೊಂಡು
ಮೂರನೆಯ ಸಾಲನ್ನು ಮತ್ತೊಮ್ಮೆ ಓದಿ
ಫೋನು ನನ್ನ ಕಡೆ ತಳ್ಳಿದರು.

ಆ ವರ್ಷ ಯಾರಿಗೂ ಬೋನಸ್ ಇಲ್ಲ, ನನಗೂ.
ಮಾರೂಶಾಗೂ ಇಲ್ಲ. ಅದು ಈಗಲೂ ಕೊರೆಯುತ್ತದೆ;
ಅದಕ್ಕೆ ಯಾವ ಕಲಮೂ ಸಿಗಲಿಲ್ಲ.
ಕಾಫಿ ಯಂತ್ರದ ಮುಂದೆ ಶುರ್ಶೋ
ಏಳು ವಾರ ನನ್ನ ಮುಖ ನೋಡಲಿಲ್ಲ.

ನಿನ್ನೆ ಬಂದ. ಕೈಯಲ್ಲಿ ಕಾಗದ.
"ಸಹಿ ಇನ್ನೂ ಹಾಕಿಲ್ಲ," ಎಂದ,
ಗುಪ್ತ ಕಾಯಿಲೆ ಹೇಳಿಕೊಳ್ಳುವವನಂತೆ, ಮೆಲ್ಲಗೆ.
"ಎಷ್ಟು ಹೊತ್ತಿಗೆ ಬೇಕು?"
"ಐದಕ್ಕೆ."
ಆಗ ನಾಲ್ಕೂವರೆ.
ಕುರ್ಚಿ ಎಳೆದು ಕೊಟ್ಟೆ.