ನೂರೊಂದು

ನಮ್ಮ ಸಾಲಿ ನೆಲಕ್ಕ ಫರ್ಸಿ.
ಶಹಾಬಾದದಾಗ ಇನ್ನೇನು ಹಾಸ್ತಾರ?
ಎರಡನೇತ್ತೆ ಖೋಲ್ಯಾಗ, ಬೋರ್ಡಿನ ಮುಂದ,
ಒಂದಕ್ಕೊಂದು ಹತ್ತಿ ಮೂರು ಕಲ್ಲು,
ನಡುವಿನದ್ದರ ಮೂಲಿ ಒಡದದ.
ಖಡು ತಗೊಂಡು ಬರೆದೆ:
ನೂರು. ಹತ್ತು. ಬಿಡಿ.

ಬಿಡಿಗಲ್ಲಿನ ಮ್ಯಾಲ ಒಂಬತ್ತರ ಮುಂದ ಜಾಗ ಇಲ್ಲ.
ಹತ್ತನೇ ತೊಗರಿಕಡ್ಡಿ ಬಂತೋ,
ಎಲ್ಲಾ ಕೂಡಿಸಿ, ರಬ್ಬರ್ ಸುತ್ತಿ,
ಬಾಜೂ ಕಲ್ಲಿಗೆ ದಾಟಿಸಬೇಕು.
ಹತ್ತು ಕಡ್ಡಿ ಹೋಗಿ
ಒಂದು ಕಟ್ಟು.

ನೂರೊಂದಪ್ಪ ಎಣಿಸಿದ:
ಲಾಭ, ಎರಡು, ಮೂರು…
ಅವರವ್ವ ಸಂತ್ಯಾಗ ಬ್ಯಾಳಿ ಅಳೀತಾಳ.
ಮೊದಲ ಸೇರಿಗಿ ಒಂದು ಅನ್ನಂಗಿಲ್ಲ ಆ ಮನ್ಯಾಗ.
‘ಸಾಲ್ಯಾಗ ಒಂದು ಅನಬೇಕಪ್ಪಾ.’
‘ಹಂಗಾದ್ರ ಇಲ್ಲಿ ಲಾಭ ಇಲ್ಲೇನ್ರಿ ಅಕ್ಕೋರೇ?’

ನಿನ್ನ ಹೆಸರು ಅಂಕಿಲೆ ಬರಿ, ಅಂದೆ.
ಪಾಟಿ ತುಂಬ ಬರೆದು ಎತ್ತಿ ಹಿಡಿದ:
೧೦೦೧.
ತಪ್ಪು ಅನ್ನಲಿಕ್ಕ ಮನಸಾಗಲಿಲ್ಲ.
ಕಿವಿ ಕೇಳಿದ್ದನ್ನಽ ಕೈ ಬರೆದದ,
ನೂರು ಬರೆದು, ಅದರ ಬಾಜೂಕ ಒಂದು.
‘ಇದು ಸಾವಿರದೊಂದಪ್ಪ ಆತಲ್ಲೋ’ ಅಂದದ್ದಽ ತಡ
ಖೋಲಿಗಿ ಖೋಲಿ ನಕ್ಕಿತು.
ಅವ ಅಂಗಿ ತೋಳಿಲೆ ಪಾಟಿ ಒರಸಿದ,
ಒರಸಿದ ಮ್ಯಾಲೂ ಒರಸಿದ.

ಪಾಟಿ ಬಿಡು, ಏಳು.
ಕಲ್ಲಿನ ಮ್ಯಾಲ ನಿಮ್ಮನ್ನಽ ಕೂಡಿಸ್ತೀನಿ.
ನೂರಿಗಿ ತಬಸ್ಸುಮ್,
ಬಿಡಿಗಿ ನೂರೊಂದಪ್ಪ.
ನಡುವಿನ ಕಲ್ಲು ಮೊದಲಿಂದ ಝಮಲಿದು.
ಆಕಿ ಅಕ್ಕನ ಲಗ್ನಕ್ಕಂತ ಚಿತ್ತಾಪುರ ಕಡಿ ತಾಂಡಾಕ್ಕ ಹೋಗಿ
ಎಂಟು ದಿನ ಆತು.

‘ಖಾಲಿ ಕಲ್ಲಿಗಿ ಏನಂತೀರಿ?’
‘ಸೊನ್ನಿ!’
‘ಸೊನ್ನಿ ಅಂದ್ರ?’
‘ಝಮಲಿ ಬಂದಿಲ್ರಿ.’

ಹದಿನಾರು ವರ್ಷದಿಂದ ಕಲಿಸಾಕತ್ತೀನಿ,
ಸೊನ್ನಿಗಿ ಇಷ್ಟು ಛಲೋ ಅರ್ಥ ನಾ ಹೇಳಿದ್ದಿಲ್ಲ.

ನೂರೊಂದಪ್ಪ ಮೆಲ್ಲಕ ನಡುವಿನ ಕಲ್ಲಿಗಿ ಸರಕೊಂಡ.
‘ಯಾರೂ ಇಲ್ಲಲ್ರಿ.’
ಈಗ ನೀ ನೂರಾ ಹತ್ತಪ್ಪ ಆದಿ ನೋಡು, ಅಂದೆ.
ಈ ಸಲ ಅವನೂ ನಕ್ಕ. ನಕ್ಕು ಕೇಳಿದ:
‘ಅಲ್ಲಿ ಕುಂತ್ರ ಒಂದು, ಇಲ್ಲಿ ಕುಂತ್ರ ಹತ್ತು,
ತಬಸ್ಸುಮ್ ಕಲ್ಲಿನ ಮ್ಯಾಲ ಕುಂತ್ರ ನೂರು.
ನಾ ಅವನಽ ಅಲ್ಲೇನ್ರಿ?’

ಉತ್ತರ ಪುಸ್ತಕದಾಗ ಅದ, ದಪ್ಪ ಅಕ್ಷರದಾಗ:
ಕುಂತ ಜಾಗದಿಂದ ಬೆಲೆ.
ಓದಲಿಕ್ಕ ಬಾಯಿ ಬರಲಿಲ್ಲ ನನಗ.
ನಾ ಕಲಿತ ಸಾಲ್ಯಾಗ ನಮ್ಮ ಓಣಿ ನಾಕು ಮಂದಿಗಿ
ಚಪ್ಪಲಿ ಬಿಡೋ ಹತ್ರ ಜಾಗ.
ಅಲ್ಲಿಂದಽ ಬೋರ್ಡ್ ಓದೀನಿ,
ಹದಿನೇಳರ ಮಗ್ಗಿ ತಪ್ಪದಂಗ ಬಾಯಿಪಾಠ ಮಾಡೀನಿ.
ಹೇಳು ಅಂತ ಯಾರೂ ಕೇಳಲಿಲ್ಲ.

‘ಅಂಕಿ ಮಾತು ಬ್ಯಾರೆ’ ಅಂದೆ,
‘ಅಂಕಿಗಿ ನಾಚಿಕಿ ಇಲ್ಲ, ಎಲ್ಲಿ ಕೂಡಿಸಿದ್ರೂ ಕೂಡ್ತದ.
ಮಂದಿದು ಹಂಗಲ್ಲ.’
ಎಷ್ಟು ತಿಳೀತೋ ಏನೋ.
‘ಕಲ್ಲು ಬದಲಿಸ್ಲೇನ್ರಿ?’
ಬದಲಿಸು, ಅಂದೆ.
ಅವತ್ತಿನಿಂದ ಗಂಟಿಗೊಮ್ಮೆ ಒಬ್ಬೊಬ್ಬರು ನೂರಾಗ್ತಾರ.
ನಡುವಿನ ಕಲ್ಲಿಗಿ ಮಾತ್ರ ಯಾರೂ ಕೂಡಂಗಿಲ್ಲ,
ನಾ ಹೇಳಿದ್ದಲ್ಲ, ಅವರಽ ಬಿಟ್ಟಾರ.

ಸೋಮವಾರ ಝಮಲಿ ಬಂದಳು.
ಮೊಣಕೈ ತನಕ ಮೆಹಂದಿ,
ಕಾಗದದ ಪುಡಿಕ್ಯಾಗ ಬುಂದೆ, ಅರ್ಧ ಪುಡಿ ಆದದ್ದು.
ತನ್ನ ಕಲ್ಲಿನ ಮ್ಯಾಲ ಕುಂತಳು,
ಏನೂ ಆಗೇ ಇಲ್ಲ ಅನ್ನಂಗ.
‘ಈಗ ಎಷ್ಟು?’
‘ನೂರಾ ಹನ್ನೊಂದು!’
ಬಿಡಿಗಲ್ಲಿನವ ಒಬ್ಬನಽ ಸುಮ್ಮ.
‘ಮತ್ತ ನನ್ನ ಹೆಸರು ಎಲ್ಲಿ ಹೋತ್ರಿ?’

ಅಷ್ಟರಾಗ ವಾಡಿ ಕಡಿಂದ ಗೂಡ್ಸ್ ಬಂತು.
ಕಿಟಕಿ ಗಜು ನಡುಗಿದ್ವು,
ಮೂರೂ ಕಲ್ಲು ಬಿಟ್ಟು ಎಲ್ಲಾರೂ ಕಿಟಕಿಗಿ ಓಡಿದ್ರು,
ಡಬ್ಬಿ ಎಣಿಸಲಿಕ್ಕ.
ಗದ್ದಲದಾಗ ಏನೂ ಕೇಳಲಿಲ್ಲ. ಅವನ ತುಟಿ ಕಂಡವು:
ಲಾಭ, ಎರಡು, ಮೂರು.

ನಾ ತಿದ್ದಲಿಲ್ಲ.
ನನ್ನ ಕೈಯಾಗ ಝಮಲಿ ಕೊಟ್ಟ ಪುಡಿಕಿ,
ಹಂಚಬೇಕು ಮೂವತ್ತೊಂದು ಮಂದಿಗಿ.
ಭಾಗಾಕಾರ ಇವರಿಗಿ ಇನ್ನೂ ಬಂದಿಲ್ಲ.